ಪಿತ್ತನಾಳದ ದಾರಿ ತೆರೆದ ಲೋಹದ ಜಾಲರಿ

ಮೇದೋಜೀರಕ ಗ್ರಂಥಿಯಲ್ಲೋ ಪಿತ್ತನಾಳದಲ್ಲೋ ಕ್ಯಾನ್ಸರ್ ಬೆಳೆದು ದಾರಿ ಮುಚ್ಚಿದರೆ, ಕರುಳಿಗೆ ಇಳಿಯಬೇಕಾದ ಪಿತ್ತ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೈಯೆಲ್ಲ ತುರಿಕೆ; ಊಟ ಸೇರದು, ನಿದ್ದೆ ಹತ್ತದು. ಬರೀ ಕಾಮಾಲೆಯೆಂದು ನಾವು ನಾಟಿ ಮದ್ದಿನಲ್ಲಿ ದಿನ ಕಳೆಯುವುದೂ ಉಂಟು.

ಹಿಂದೆ ಇದಕ್ಕಿದ್ದ ಮುಖ್ಯ ಪರಿಹಾರವೆಂದರೆ ಹೊಟ್ಟೆ ಕೊಯ್ದು ಪಿತ್ತಕ್ಕೆ ಬೇರೆ ದಾರಿ ಮಾಡುವುದು. ಗುಣವಾಗದ ರೋಗಿಗೆ ಅದು ಇನ್ನೊಂದು ಯಾತನೆ. 1968ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ದ್ವಾರ ತಲುಪಿದ್ದನ್ನು ಪ್ರಕಟಿಸಿದರು. 1980ರಲ್ಲಿ ಜರ್ಮನಿಯ ಹ್ಯಾಂಬರ್ಗಿನಿಂದ ನಿಬ್ ಸೂಹೆಂದ್ರ ಅದೇ ದಾರಿಯಲ್ಲಿ ಪ್ಲಾಸ್ಟಿಕ್ ಕೊಳವೆ ಕೂರಿಸುವ ವಿಧಾನ ಬರೆದರು. ಹೊಟ್ಟೆ ಕೊಯ್ಯುವುದು ತಪ್ಪಿತು. ಆದರೆ ಆ ಸಣ್ಣ ಕೊಳವೆ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತಿತ್ತು; ಜ್ವರ, ಮತ್ತೆ ಕಾಮಾಲೆ, ಮತ್ತೆ ಆಸ್ಪತ್ರೆ.

ಎಂಬತ್ತರ ದಶಕದ ಕೊನೆಗೆ ಲೋಹದ ಜಾಲರಿಯ ಸ್ಟೆಂಟ್ ಬಂತು. ಮುದುಡಿಕೊಂಡು ಒಳಹೋಗುವ ಅದು, ಅಡಚಣೆಯ ಜಾಗದಲ್ಲಿ ತಾನಾಗಿ ಅರಳಿ ಸುಮಾರು 10 ಮಿಲಿಮೀಟರ್ ಅಗಲವಾಗುತ್ತದೆ. 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು 105 ರೋಗಿಗಳಲ್ಲಿ ಎರಡನ್ನೂ ಹೋಲಿಸಿದ ಫಲಿತಾಂಶ ಹೊರಬಿತ್ತು. ಕಟ್ಟಿಕೊಳ್ಳದೆ ಉಳಿದ ಮಧ್ಯಕ ಅವಧಿ ಪ್ಲಾಸ್ಟಿಕ್ಕಿಗೆ 126 ದಿನ, ಲೋಹಕ್ಕೆ 273 ದಿನ. ಆಯುಷ್ಯದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ದುಬಾರಿ ಜಾಲರಿಯಿಂದ ಲಾಭವೇನು? ಉಳಿದ ದಿನಗಳು ಆಸ್ಪತ್ರೆಯ ಮಂಚದ ಮೇಲೆ ಕಳೆದವೋ, ಮನೆಯವರ ನಡುವೆ ಕಳೆದವೋ ಎಂಬುದರಲ್ಲೇ ಉತ್ತರವಿದೆ. ಗುಣಪಡಿಸಲಾಗದು ಎಂದರೆ ಮಾಡುವುದಕ್ಕೆ ಏನೂ ಉಳಿದಿಲ್ಲ ಎಂದು ನಾವು ತಿಳಿಯಬಾರದು. ಬೆಲೆ ಕೇಳಿ ಹಿಂದೆ ಸರಿಯುವ ಬಡ ಮನೆಗಳಿಗೂ ಈ ನೆಮ್ಮದಿ ತಲುಪಿಸುವ ಕೆಲಸ ಇನ್ನೂ ಬಾಕಿಯಿದೆ.