ಹಂಪೆಯ ಹಕಾರವೂ ಶಿಶುವಿನ ಕಿವಿಯೂ

ವಿರೂಪಾಕ್ಷನು ಇಂದಿಗೂ ಪಂಪಾಪತಿಯೇ. ಆದರೆ ಆತನ ಊರು ಜನರ ಬಾಯಲ್ಲಿ ಹಂಪೆಯಾಗಿದೆ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ಹೊಸಪೇಟೆಯ ಹೆಸರಿನ ಆದಿಯಲ್ಲಿರುವುದೂ ಆ ಹಕಾರವೇ. ಸುಮಾರು 10ನೆಯ ಶತಮಾನದಲ್ಲಿ ತಲೆದೋರಿದ ಈ ಮಾರ್ಪಾಡು ವಿಜಯನಗರದ ಕಾಲಕ್ಕೆ ಬೇರೂರಿದ್ದಿತು.

ಪಕಾರವು ನುಡಿಯಲು ಕಠಿನವೆಂದು ಜನರು ಅದನ್ನು ಬಿಟ್ಟರೆಂದು ಹೇಳುವಂತಿಲ್ಲ. ಶಿಶುವಿನ ಬಾಯಿಗೆ ಮೊದಲು ಒದಗುವ ವ್ಯಂಜನಗಳಲ್ಲಿ ಪ, ಬ, ಮಗಳೇ ಸೇರಿವೆ. ರಕಾರ ಳಕಾರಗಳು ತಡವಾಗಿ ಬರುವುವು. ಆದರೂ ಕನ್ನಡದ ಕೂಸು ಹಾಲನ್ನು ಪಾಲೆನ್ನದು. ಸುಲಭವಾದುದನ್ನಲ್ಲ, ಕೇಳಿದುದನ್ನೇ ಅದು ಕಡೆಗೆ ಸಾಧಿಸುವುದು. ಕೇಳದುದು ಅಳಿಯುವುದು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಎಣಿಸಿ ಹೇಳಬೇಕಾಯಿತು, ಆಡುಮಾತಿನಲ್ಲಿ ಆ ಧ್ವನಿಯು ಆಗಲೇ ಮರೆಯಾಗಿದ್ದಿತು. ತೊಟ್ಟಿಲಲ್ಲಿ ಕೇಳಿಸದ ಧ್ವನಿಯನ್ನು ಓಲೆಗರಿಯೊಂದೇ ಉಳಿಸಲಾರದು.

ಈ ಮಾತಿಗೆ ಶಾಸ್ತ್ರದ ಆಧಾರವೂ ಉಂಟು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪರೀಕ್ಷೆಗಳಂತೆ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತಕಾರ ಟಕಾರಗಳ ಭೇದವನ್ನು ಗುರುತಿಸಿದುವು. ವರುಷ ತುಂಬುವ ಹೊತ್ತಿಗೆ ಆ ಶಕ್ತಿಯು ಬಹುಮಟ್ಟಿಗೆ ಕುಂದಿದ್ದಿತು. ಮಾತು ಹುಟ್ಟುವುದಕ್ಕೆ ಮೊದಲೇ ಕಿವಿಯು ಮನೆಯ ಭಾಷೆಗೆ ಒಗ್ಗಿಕೊಳ್ಳುವುದೆಂದು ಇದರಿಂದ ವಿದಿತವಾಗುತ್ತದೆ.

ಒಗ್ಗಿದ ಕಿವಿಯು ಮುಚ್ಚಿಹೋದ ಬಾಗಿಲಲ್ಲವೆಂಬುದಕ್ಕೆ ಈ ಸೀಮೆಯೇ ಸಾಕ್ಷಿ. ಕಂಪ್ಲಿಯಲ್ಲಿ ಕನ್ನಡ ತೆಲುಗುಗಳು ಅಕ್ಕಪಕ್ಕದಲ್ಲಿ ಬಾಳಿವೆ. ತುಂಗಭದ್ರೆಯ ಕಾಲುವೆಗಳು ಹರಿದ ಮೇಲೆ ಆಂಧ್ರದ ರೈತರೂ ಬಂದು ನೆಲೆಸಿದರು. ಅಲ್ಲಿನ ತೆಲುಗು ಕೂಸಿಗೆ ಮನೆಯಲ್ಲಿ ಪಾಲು, ಬೀದಿಯಲ್ಲಿ ಹಾಲು: ಸಾವಿರ ವರುಷದ ಮಾರ್ಪಾಡಿನ ಎರಡು ತುದಿಗಳೂ ಒಂದೇ ನಾಲಗೆಯ ಮೇಲೆ. 1949ರ ವರೆಗೆ ಘೋರ್ಪಡೆ ಅರಸರ ಸಂಸ್ಥಾನವಾಗಿದ್ದ ಸಂಡೂರಿನಲ್ಲಿ ಅರಮನೆಯ ಮರಾಠಿ, ತಾಂಡಾಗಳ ಲಂಬಾಣಿ, ಊರಿನ ಕನ್ನಡ ಉರ್ದುಗಳು ಕೂಡಿದುವು. ಉರ್ದುವಿನಲ್ಲಿಲ್ಲದ ಳಕಾರವನ್ನೂ, ಎಕಾರ ಏಕಾರಗಳ ಹ್ರಸ್ವದೀರ್ಘ ಭೇದವನ್ನೂ ಆ ಮನೆಯ ಮಕ್ಕಳು ಓರಗೆಯವರೊಡನೆ ಆಡುತ್ತಲೇ ಕಲಿಯುವರು. ಪ್ರಾಯ ಬಂದವರಿಗೆ ಅದೇ ಶ್ರಮಸಾಧ್ಯವಾಗುವುದು.

ಶಾಲೆಯ ಭಾಷೆ ಕೆಡುವುದೆಂಬ ಭಯದಿಂದ ಮನೆಮಾತನ್ನು ಮಗುವಿನಿಂದ ಮರೆಮಾಡುವ ತಾಯಿತಂದೆಗಳು ಇದನ್ನು ಪರ್ಯಾಲೋಚಿಸಬೇಕು. ಎರಡನೆಯ ನುಡಿಗೆ ಎಡೆಮಾಡಲು ಮೊದಲನೆಯದನ್ನು ತೆರವುಮಾಡಬೇಕಾಗಿಲ್ಲ. ಒಂದು ತಲೆಮಾರು ತೊಟ್ಟಿಲ ಬಳಿ ಮೌನವಾದರೆ ಮುಂದಿನ ತಲೆಮಾರಿಗೆ ಆ ಧ್ವನಿಗಳು ೞಕಾರದಂತೆ ಪುಸ್ತಕದ ಪಾಲಾಗುವುವು.