ದಲಾಲರ ಗಂಟಲಿನಿಂದ ಸೆಕೆಂಡಿಗೆ 10 ಆರ್ಡರಿನವರೆಗೆ

ದಲಾಲ್ ಸ್ಟ್ರೀಟಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ವ್ಯಾಪಾರ ನಡೆಯಬಹುದು ಎಂಬುದನ್ನು ಸುಮಾರು 120 ವರ್ಷ ಮನುಷ್ಯರ ಗಂಟಲೇ ತೀರ್ಮಾನಿಸುತ್ತಿತ್ತು. 1850ರ ದಶಕದಲ್ಲಿ ಟೌನ್ ಹಾಲ್ ಎದುರಿನ ಆಲದ ಮರದಡಿ ಸೇರುತ್ತಿದ್ದ ಬೆರಳೆಣಿಕೆಯ ದಲಾಲರು 1875ರಲ್ಲಿ ಸಂಘ ಕಟ್ಟಿಕೊಂಡರು. ಮುಂದೆ ಅದೇ ಮುಂಬಯಿ ಷೇರುಪೇಟೆಯಾಯಿತು. ಒಳಗೆ ರಿಂಗ್ ಎಂದು ಕರೆಯುವ ಅಂಗಳ. ಅಲ್ಲಿ ಬೆಲೆ ಕೂಗಬೇಕು, ಕೈಸನ್ನೆ ಮಾಡಬೇಕು, ಒಪ್ಪಿದ್ದನ್ನು ಪುಟ್ಟ ಪುಸ್ತಕದಲ್ಲಿ ಗೀಚಿಕೊಳ್ಳಬೇಕು. ಕೂಗಿದ್ದು ಕೇಳಿಸದಿದ್ದರೆ ಮತ್ತೆ ಕೂಗಬೇಕು. ಎಷ್ಟೇ ಆಸೆಬುರುಕನಾದರೂ ಒಬ್ಬನಿಗೆ ಇರುವುದು ಒಂದೇ ಗಂಟಲು. ವೇಗಕ್ಕೆ ಮಿತಿ ಹಾಕುವ ನಿಯಮವನ್ನು ಯಾರೂ ಬರೆಯಬೇಕಾಗಿರಲಿಲ್ಲ.

ಅಂಧೇರಿಯಲ್ಲಿ ಕೂತು ಷೇರು ವಹಿವಾಟಿನ ಪ್ರೋಗ್ರಾಂ ಬರೆಯುವ ನನಗೆ ಈ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದ್ದು 429 ಎಂಬ ಒಂದು ಸಂಖ್ಯೆಯಿಂದ. ದಲ್ಲಾಳಿ ಸಂಸ್ಥೆಯ ಸರ್ವರನ್ನು ನನ್ನ ಪ್ರೋಗ್ರಾಂ ಮೇಲಿಂದ ಮೇಲೆ ಕೇಳತೊಡಗಿದರೆ ಬರುವ ಉತ್ತರ ಅದು: ಬಹಳ ಕೇಳಿದೆ, ಸ್ವಲ್ಪ ತಡಿ.

ಗಂಟಲಿನ ಆಳ್ವಿಕೆ ಮುಗಿದದ್ದು ತೊಂಬತ್ತರ ದಶಕದಲ್ಲಿ. 1994ರ ನವೆಂಬರ್‌ನಲ್ಲಿ ಎನ್‌ಎಸ್‌ಇ ಕಂಪ್ಯೂಟರ್ ಪರದೆಯ ಮೇಲೆ ಷೇರು ವಹಿವಾಟು ಶುರುಮಾಡಿತು. ಉಪಗ್ರಹ ಸಂಪರ್ಕದ ಡಿಶ್ ಇದ್ದರೆ ಸಾಕು, ದಲಾಲ ಯಾವ ಊರಿನಲ್ಲಿದ್ದರೂ ನಡೆಯುತ್ತಿತ್ತು. ಬೆಂಗಳೂರು, ಮಂಗಳೂರುಗಳಲ್ಲಿದ್ದ ಪುಟ್ಟ ಷೇರು ವಿನಿಮಯ ಕೇಂದ್ರಗಳು ಕಳೆಗುಂದಲು ಇದೂ ಒಂದು ಕಾರಣ. 1995ರ ಮಾರ್ಚ್‌ನಲ್ಲಿ ಬಿಎಸ್‌ಇ ತನ್ನ ಬೋಲ್ಟ್ ವ್ಯವಸ್ಥೆಯನ್ನು ತಂದಿತು, ರಿಂಗ್ ಮೌನವಾಯಿತು. ಆದರೂ ಆಗ ಕೀಲಿಮಣೆ ಒತ್ತುತ್ತಿದ್ದುದು ಮನುಷ್ಯನ ಬೆರಳೇ. ಗಂಟಲಿನ ಮಿತಿ ಬೆರಳಿಗೆ ಬಂತು, ಅಷ್ಟೆ. 2008ರಲ್ಲಿ ದೊಡ್ಡ ಸಂಸ್ಥೆಗಳ ಆರ್ಡರ್‌ಗಳು ದಲಾಲನ ಕೈ ತಾಗದೆ ನೇರ ಪೇಟೆಗೆ ಹೋಗಲು ಸೆಬಿ ಒಪ್ಪಿದ ಮೇಲೆ ಬೆರಳೂ ಬೇಡವಾಯಿತು. ಯಂತ್ರಗಳು ಸಾವಿರಾರು ಆರ್ಡರ್ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ರದ್ದುಮಾಡತೊಡಗಿದವು.

2012ರ ಮಾರ್ಚ್ 30ರಂದು ಸೆಬಿ ಆಲ್ಗೊ ವಹಿವಾಟಿಗೆ ಮಾರ್ಗಸೂಚಿ ಹೊರಡಿಸಿತು. ಹಾಕಿದ ಆರ್ಡರ್‌ಗಳೆಷ್ಟು, ನಿಜಕ್ಕೂ ಕುದುರಿದ ವ್ಯಾಪಾರವೆಷ್ಟು ಎಂಬ ಅನುಪಾತ ವಿಪರೀತವಾದರೆ ಅದು ದುಬಾರಿಯಾಗುವಂತೆ ನೋಡಿಕೊಳ್ಳಲು ಪೇಟೆಗಳಿಗೆ ಹೇಳಿತು. ಮರುತಿಂಗಳೇ ಅಂತರ್ಜಾಲದ ಮಾನದಂಡಗಳಲ್ಲಿ 429 ಅಧಿಕೃತವಾಗಿ ಸೇರಿತು. ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಎರಡೂ ಕಡೆ ತಲೆನೋವು ಒಂದೇ. ವೇಗವೊಂದೇ ಅಪಾಯವಲ್ಲ ಎಂದು ಅದೇ ವರ್ಷ ಅಕ್ಟೋಬರ್ 5 ತೋರಿಸಿತು. ಒಂದು ದಲ್ಲಾಳಿ ಸಂಸ್ಥೆಯಿಂದ ತಪ್ಪಾಗಿ ಹೋದ 59 ಆರ್ಡರ್‌ಗಳು, 650 ಕೋಟಿ ರೂಪಾಯಿಗೂ ಹೆಚ್ಚು ಮೊತ್ತ. ನಿಫ್ಟಿ ಕ್ಷಣಗಳಲ್ಲಿ ಶೇ. 15ಕ್ಕಿಂತ ಹೆಚ್ಚು ಕುಸಿದು ವಹಿವಾಟು ಕೆಲಕಾಲ ನಿಂತೇಹೋಯಿತು.

ಆಮೇಲೆ ಆ ವೇಗ ನಮ್ಮಂಥವರ ಲ್ಯಾಪ್‌ಟಾಪಿಗೂ ಬಂತು. ಬೆಂಗಳೂರಿನ ಝೆರೋಧಾದ ಕೈಟ್ ಕನೆಕ್ಟ್ ಎಪಿಐಯನ್ನೇ ನೋಡಿ: ಬೆಲೆ ಕೇಳಲು ಸೆಕೆಂಡಿಗೆ 1 ವಿನಂತಿ, ಹಳೆಯ ದರಗಳ ದಾಖಲೆಗೆ 3, ಆರ್ಡರ್ ಹಾಕಲು 10. ಬೆಲೆಯನ್ನು ಪದೇ ಪದೇ ಕೇಳುವುದೇ ದಡ್ಡತನ; ಒಂದು ವೆಬ್‌ಸಾಕೆಟ್ ಸಂಪರ್ಕ ತೆರೆದಿಟ್ಟರೆ 3000 ಬಾಬ್ತುಗಳ ಬೆಲೆ ತಾನಾಗಿ ಹರಿದುಬರುತ್ತದೆ.

ಉಳಿದದ್ದಕ್ಕೆ ನಾವು ಬಳಸುವುದು ಟೋಕನ್ ಬಕೆಟ್ ಎಂಬ ಉಪಾಯ. ಮುಂಬಯಿ ಚಾಳುಗಳಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಲ್ಲಿ ಸಣ್ಣಗೆ ಬರುತ್ತದೆ, ಬಕೆಟ್ ತುಂಬುತ್ತದೆ, ತುಂಬಿದ್ದಷ್ಟನ್ನೇ ಬಳಸಬೇಕು. ಪ್ರತಿ ವಿನಂತಿಗೆ ಒಂದು ಚೊಂಬು. ಬಕೆಟ್ ಖಾಲಿಯಾದರೆ ಪ್ರೋಗ್ರಾಂ ತಾನೇ ಕಾಯುತ್ತದೆ, ಸರ್ವರ್ ಬೈಯುವ ಪ್ರಮೇಯವೇ ಇಲ್ಲ. ಆದರೆ ಒಂದು ಚೊಂಬನ್ನು ಯಾವಾಗಲೂ ಕಾದಿರಿಸಬೇಕು, ಮಾರಿ ಹೊರಬರುವ ಆರ್ಡರಿಗಾಗಿ. ಪೇಟೆ ಬೀಳುವಾಗ ಕೊಳ್ಳುವ ಆರ್ಡರ್‌ಗಳನ್ನು ತಿದ್ದುತ್ತಲೇ ನೀರೆಲ್ಲ ಖರ್ಚಾದರೆ ನಷ್ಟ ತಡೆಯುವ ಆರ್ಡರ್ ಸಾಲಿನಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಹೋಗುವುದು ಯಾರದೋ ಆರು ತಿಂಗಳ ಸಂಬಳ.

ಇನ್ನೊಂದು ಸೂಕ್ಷ್ಮ. 429 ಬಂದರೆ ಸ್ಪಷ್ಟ ನಿರಾಕರಣೆ. ಕಾದು, ಬೆಲೆ ಇನ್ನೂ ಹೊಂದುತ್ತದೆಯೇ ನೋಡಿ ಮತ್ತೆ ಕಳಿಸಬಹುದು. ಕಾಯುವ ಹೊತ್ತನ್ನು ಸರದಿಯಂತೆ ಇಮ್ಮಡಿಗೊಳಿಸಿ, ಅದಕ್ಕೆ ಒಂದಿಷ್ಟು ಏರುಪೇರನ್ನೂ ಬೆರೆಸಬೇಕು. ಇಲ್ಲದಿದ್ದರೆ ಬೆಳಿಗ್ಗೆ 9:15ಕ್ಕೆ ಒಟ್ಟಿಗೆ ನುಗ್ಗಿದ ಪ್ರೋಗ್ರಾಂಗಳೆಲ್ಲ ಒಟ್ಟಿಗೇ ಹಿಂದೆ ಸರಿದು ಒಟ್ಟಿಗೇ ಮತ್ತೆ ನುಗ್ಗುತ್ತವೆ, ದಾದರ್ ಪ್ಲಾಟ್‌ಫಾರ್ಮಿನಂತೆ. ಉತ್ತರವೇ ಬಾರದಿದ್ದರೆ ಮಾತ್ರ ಕಥೆ ಬೇರೆ. ಆರ್ಡರ್ ತಲುಪಿರಲೂಬಹುದು. ಮೊದಲು ಆರ್ಡರ್ ಪಟ್ಟಿ ತೆಗೆದು ನೋಡದೆ ಮರಳಿ ಕಳಿಸಿದರೆ ಒಂದೇ ಷೇರನ್ನು ಎರಡು ಸಲ ಕೊಂಡಂತೆ. ರಿಂಗಿನಲ್ಲಿ ಎದುರಿನವನ ಮುಖ ನೋಡಿದರೆ ಕೇಳಿಸಿತೋ ಇಲ್ಲವೋ ತಿಳಿಯುತ್ತಿತ್ತು, ಸರ್ವರಿಗೆ ಮುಖವಿಲ್ಲ.

2025ರ ಫೆಬ್ರವರಿ 4ರಂದು ಸೆಬಿ ಸಾಮಾನ್ಯ ಹೂಡಿಕೆದಾರರ ಆಲ್ಗೊಗಳಿಗೂ ನಿಯಮ ಬರೆಯಿತು. ಪೇಟೆಗಳು ನಿಗದಿಮಾಡಿದ ಗಡಿ ಸೆಕೆಂಡಿಗೆ 10 ಆರ್ಡರ್. ಅದನ್ನು ಮೀರುವ ಪ್ರೋಗ್ರಾಂ ದಲ್ಲಾಳಿ ಸಂಸ್ಥೆಯ ಮೂಲಕ ಪೇಟೆಯಲ್ಲಿ ನೋಂದಣಿಯಾಗಬೇಕು. ಎಪಿಐ ಮೂಲಕ ಬರುವ ಆರ್ಡರ್ ಬದಲಾಗದ ಐಪಿ ವಿಳಾಸದಿಂದಲೇ ಬರಬೇಕು. ಗಡಿಯ ಬಗ್ಗೆ ನನ್ನ ತಕರಾರಿಲ್ಲ. ಹತ್ತಕ್ಕಿಂತ ವೇಗ ನಮಗೆ ಬೇಕಾಗುವುದೇ ಅಪರೂಪ. ವಿಳಾಸದ್ದೇ ಫಜೀತಿ. ಡೊಂಬಿವಲಿಯಲ್ಲಿ ನಾಲ್ವರು ಹಂಚಿಕೊಂಡ ಕೋಣೆಯ ವೈಫೈಗೆ ಅಂಥ ಸ್ಥಿರತೆ ಎಲ್ಲಿಂದ? ಬಾಡಿಗೆ ಸರ್ವರ್ ಹಿಡಿಯಬೇಕು, ತಿಂಗಳ ಖರ್ಚಿಗೆ ಇನ್ನೊಂದು ಸಾಲು. ನೋಂದಾಯಿತ ಆಲ್ಗೊವನ್ನು ಕುಟುಂಬದವರೂ ಬಳಸಬಹುದೆಂಬ ರಿಯಾಯಿತಿ ಇದೆ. ಕುಟುಂಬವೆಂದರೆ ತಾನು, ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಅವಲಂಬಿತ ತಂದೆತಾಯಿ. ಊರಿನಿಂದ ಫೋನ್ ಮಾಡಿ 'ನಿನ್ನ ಪ್ರೋಗ್ರಾಂ ನನಗೂ ಸ್ವಲ್ಪ ಹಾಕಿಕೊಡು ಮಾರಾಯ' ಎನ್ನುವ ಭಾವ ಆ ಪಟ್ಟಿಯಲ್ಲಿಲ್ಲ.