ಕರಡಿಗೆಯಿಂದ ಪ್ಲಾಸ್ಟಿಕ್ ಡಬ್ಬಿಯವರೆಗೆ

ಈ ಪುಟವನ್ನು ಮಡಿಸಿಟ್ಟು ಒಮ್ಮೆ ನಿಮ್ಮ ಅಡುಗೆಮನೆಯ ಗೂಡಿನತ್ತ ಕಣ್ಣು ಹಾಯಿಸಿ. ಸಾಸಿವೆ, ಜೀರಿಗೆ, ಗುಂಡಿ, ಸೂಜಿದಾರ ತುಂಬಿದ ಡಬ್ಬಿಗಳ ಸಾಲಿನಲ್ಲಿ, ಡಬ್ಬಿಯೆಂದೇ ಹಣ ಕೊಟ್ಟು ತಂದವು ಎಷ್ಟು? ಬೇರೆ ಯಾವುದೋ ಪದಾರ್ಥದೊಡನೆ ಮನೆಯೊಳಗೆ ಬಂದು, ಆ ಪದಾರ್ಥ ತೀರಿದ ಮೇಲೂ ಉಳಿದುಕೊಂಡವು ಎಷ್ಟು? ಎರಡನೆಯ ಗುಂಪೇ ದೊಡ್ಡದೆಂದು ನನ್ನ ಊಹೆ. ಈ ಬಡಪಾಯಿಗಳಿಗೂ ಒಂದು ಚರಿತ್ರೆ ಉಂಟು.

ಮೊದಲು ಮಾತಿನಿಂದ ಹೊರಡೋಣ. ಸಂಸ್ಕೃತದ ‘ಕರಂಡಕ’ವು ಕನ್ನಡದಲ್ಲಿ ‘ಕರಡಿಗೆ’ಯಾಯಿತು. ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆಯಲ್ಲಿ ಆ ಮಾತು ಇಂದಿಗೂ ಬದುಕಿದೆ. ‘ಸಂಪುಟ’ವೆಂದರೂ ಮುಚ್ಚಳವುಳ್ಳ ಪೆಟ್ಟಿಗೆಯೇ. ಮುಂದೆ ಅದು ಗ್ರಂಥಕ್ಕೂ ಮಂತ್ರಿಮಂಡಲಕ್ಕೂ ಸಂದಿತು. ಇವೆಲ್ಲ ಬೆಲೆಯುಳ್ಳ ವಸ್ತುವನ್ನಿಡುವ ಬೆಲೆಯುಳ್ಳ ಪಾತ್ರಗಳು. ಉತ್ತರದಿಂದ ಬಂದ ‘ಡಬ್ಬಿ’ಗೆ ಅಂಥ ಕುಲಗೌರವವಿಲ್ಲ, ಆದರೆ ಸಂಸಾರದ ಭಾರವನ್ನೆಲ್ಲ ಹೊತ್ತದ್ದು ಅದೇ.

ಬಿಸುಡುವ ವಸ್ತುವಿನಿಂದ ಪೆಟ್ಟಿಗೆ ಮಾಡುವ ವಿದ್ಯೆ ನಮಗೆ ಹೊಸದಲ್ಲ. ನನ್ನ ತಾಯಿಯವರು ಹಳೆಯ ವೃತ್ತಪತ್ರಿಕೆಗಳನ್ನೂ ನಾವು ಬರೆದು ಮುಗಿಸಿದ ನೋಟುಪುಸ್ತಕಗಳನ್ನೂ ನೀರಿನಲ್ಲಿ ನೆನೆಹಾಕಿ, ಮೆಂತ್ಯದೊಡನೆ ಒರಳಿನಲ್ಲಿ ರುಬ್ಬಿ, ಕವುಚಿಟ್ಟ ಬಿಂದಿಗೆಯ ಮೇಲೆ ಮೆತ್ತಿ ಬಿಸಿಲಿಗಿಡುತ್ತಿದ್ದರು. ಒಣಗಿದ್ದನ್ನು ಬಿಡಿಸಿ, ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ನಾಲ್ಕು ಎಳೆ ಎಳೆದರೆ ಕುಕ್ಕೆ ಸಿದ್ಧ. ಮೆಂತ್ಯದ ಕಹಿಗೆ ಹುಳು ಸುಳಿಯದೆಂದು ಅವರ ನಂಬಿಕೆ. ನಾಲ್ಕು ಗ್ಯಾಲನ್ನಿನ ಸೀಮೆಎಣ್ಣೆಯ ಡಬ್ಬವು ಮೇಲ್ಭಾಗ ಕತ್ತರಿಸಿಕೊಂಡು, ಅಡ್ಡಕ್ಕೊಂದು ಮರದ ಪಟ್ಟಿ ಬಡಿಸಿಕೊಂಡು ನೀರು ಹೊರುತ್ತಿತ್ತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ವನಸ್ಪತಿಯ ಹಳದಿ ಡಬ್ಬವು ಮುಂದೆ ಎಷ್ಟೋ ಮನೆಗಳಲ್ಲಿ ಬೇಳೆಯ ಡಬ್ಬವಾಯಿತು. ತೂತು ಬಿದ್ದ ಮೇಲೆ ತುಳಸಿಯ ಕುಂಡವಾಯಿತು. ಕಡೆಗೆ ಕಾಗದ ತಿಪ್ಪೆಯಲ್ಲಿ ಗೊಬ್ಬರವಾಗುತ್ತಿತ್ತು, ತಗಡು ತುಕ್ಕು ಹಿಡಿದು ಮಣ್ಣು ಸೇರುತ್ತಿತ್ತು.

ಪ್ಲಾಸ್ಟಿಕ್ಕಿನ ಕಥೆ ಬೇರೆ. ಬೇಕಾದ ಆಕಾರಕ್ಕೆ ಒಗ್ಗುವುದೆಂದು ಆ ಗ್ರೀಕ್ ಮೂಲದ ಮಾತಿನ ಅರ್ಥ. 1870ರ ಸುಮಾರಿಗೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಎಂಬಾತ, ಬಿಲಿಯರ್ಡ್ಸ್ ಚೆಂಡಿಗೆ ಆನೆಯ ದಂತದ ಬದಲು ಬೇರೊಂದು ವಸ್ತುವನ್ನು ಅರಸುತ್ತ, ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯ ನಾರಿಗೆ ಕರ್ಪೂರ ಬೆರೆಸಿ ಸೆಲ್ಯುಲಾಯ್ಡ್ ಮಾಡಿದ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕ್‌ಲೈಟ್ ನಿಮಗೆ ಅಪರಿಚಿತವಲ್ಲ. ಹಿಂದಿನ ಎಷ್ಟೋ ರೇಡಿಯೋಗಳ ಕಂದುಬಣ್ಣದ ಹೊರಗವಚ ಅದರದೇ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ, ಅನಿಲವನ್ನು ಭಾರಿ ಒತ್ತಡಕ್ಕೆ ಒಳಪಡಿಸಿದ ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ವಸ್ತು ಆಕಸ್ಮಿಕವಾಗಿ ಕಾಣಿಸಿತು. ಅದೇ ಪಾಲಿಥೀನ್. 1973ರಲ್ಲಿ ನಥಾನಿಯಲ್ ವೈಯೆತ್ ಎಂಬ ಎಂಜಿನಿಯರು ಈಗಿನ ಪಾನೀಯದ ಬಾಟಲಿಗೆ ಪೇಟೆಂಟ್ ಪಡೆದ. ಬಾಳಿಕೆ ಬರಲೆಂದು ಹುಟ್ಟಿದ ವಸ್ತು ಹೀಗೆ ನೂರು ವರ್ಷಗಳಲ್ಲಿ ಒಮ್ಮೆ ಬಳಸಿ ಬಿಸುಡುವ ವಸ್ತುವಾಯಿತು. ಬಿಸುಟರೂ ಅದರ ಬಾಳಿಕೆಯ ಗುಣ ಹೋಗಲಿಲ್ಲ, ಮಣ್ಣು ಅದನ್ನು ಅರಗಿಸಿಕೊಳ್ಳಲಿಲ್ಲ.

ಹಾಗಾದರೆ ಅದನ್ನು ಅಲಂಕರಿಸಿ ಇಟ್ಟುಕೊಳ್ಳೋಣ ಎನ್ನುತ್ತೀರಿ. ನಾನೂ ಹಾಗೆಯೇ ಎಂದುಕೊಂಡಿದ್ದೆ. ಒಂದು ವರ್ಷ ಶಾಲೆಯ ಕರಕುಶಲ ಪ್ರದರ್ಶನಕ್ಕೆ ನಮ್ಮ ಮಕ್ಕಳು ಖಾಲಿ ಬಾಟಲಿಗಳನ್ನು ಕತ್ತರಿಸಿ, ಅಂಟು ಬಳಿದು, ಮಿಂಚುಪುಡಿ, ಕನ್ನಡಿಚೂರು, ಬಣ್ಣದ ಕಾಗದ ಅಂಟಿಸಿ ಬಲು ಚೆಂದದ ಪೆಟ್ಟಿಗೆಗಳನ್ನು ಮಾಡಿದರು. ಬಹುಮಾನವನ್ನೂ ಕೊಟ್ಟೆವು. ಆರು ತಿಂಗಳಾದ ಮೇಲೆ ಮಾಸಿದ ಆ ಪೆಟ್ಟಿಗೆಗಳನ್ನು ಗುಜರಿಯವನ ಮುಂದಿಟ್ಟಾಗ ಅವನು ತಲೆಯಲ್ಲಾಡಿಸಿದ: “ಮೇಷ್ಟ್ರೇ, ಬರೀ ಬಾಟ್ಲಿ ಕೊಟ್ಟಿದ್ರೆ ತಗೋತಿದ್ದೆ. ಈ ಅಂಟೆಲ್ಲಾ ಕಿತ್ತು ಬೇರೆ ಮಾಡೋರು ಯಾರು?” ಕರಗಿ ಮತ್ತೆ ಬೇರೆ ವಸ್ತುವಾಗಬಹುದಾಗಿದ್ದುದನ್ನು ನಾವು ಶೃಂಗಾರ ಮಾಡಿ ಕಸಕ್ಕೆ ಕಳುಹಿಸಿದ್ದೆವು. ಅಂದು ಮಕ್ಕಳಿಗೆ ನಾನು ಅರ್ಧ ಪಾಠವನ್ನು ಮಾತ್ರ ಕಲಿಸಿದ್ದೆನೆಂದು ತಿಳಿಯಿತು.

ಈಚೆಗೆ ನಮ್ಮ ಪದ್ಧತಿ ಬದಲಾಗಿದೆ. ಬಾಟಲಿಗೆ ಅಂಟು ಮುಟ್ಟಿಸುವುದಿಲ್ಲ. ಹರಿದ ಸೀರೆಯ ಅಂಚನ್ನು ಚೀಲದಂತೆ ಹೊಲಿದು, ಕೊರಳಿಗೆ ದಾರ ಪೋಣಿಸಿ ತೊಡಿಸುತ್ತೇವೆ. ಬಲ್ಲ ಹುಡುಗಿಯರು ಕಸೂತಿಯ ಗೋಪುರ, ತೇರುಗಳನ್ನು ತೆಗೆಯುತ್ತಾರೆ. ಕತ್ತರಿಸಿದ ಅಂಚು ಕೈ ಕೊಯ್ಯದಂತೆ ಅಲ್ಲಿ ಬಟ್ಟೆಯನ್ನು ಒಳಕ್ಕೆ ಮಡಿಸುತ್ತೇವೆ. ಫಿನಾಯಿಲು, ಕೀಟನಾಶಕ ತುಂಬಿದ್ದವನ್ನು ಮುಟ್ಟುವುದೇ ಇಲ್ಲ. ಡಬ್ಬಿ ಹಳತಾದಾಗ ಬಟ್ಟೆ ಒಗೆಯಲು, ಬಾಟಲಿ ಗುಜರಿಗೆ. ಉತ್ಸವಮೂರ್ತಿಗೆ ಮಾಡಿದ ಅಲಂಕಾರವನ್ನು ಮರುದಿನ ಕಳಚುವಂತೆ, ಇದನ್ನೂ ಕಳಚಲು ಬರಬೇಕು.

2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ಕೆಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲಿ ನಿಷಿದ್ಧವಾದವು. ಬಾಟಲಿ ಡಬ್ಬಿಗಳು ಆ ಪಟ್ಟಿಗೆ ಸೇರಿದವಲ್ಲ. ಅವು ಬರುತ್ತಲೇ ಇವೆ, ಗೂಡಿನಲ್ಲಿ ಜಾಗವೋ ಅಷ್ಟೇ ಇದೆ. ಆದುದರಿಂದ ಮುಂದಿನ ಸಲ ಅಂಗಡಿಗೆ ಹೊರಟಾಗ, ಇರುವ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ಹೋಗಿ, ಸಾಸಿವೆಯನ್ನು ಅದರಲ್ಲಿಯೇ ಅಳೆಸಿಕೊಂಡು ಬನ್ನಿ. ನನ್ನ ತಾಯಿಯವರು ಎಣ್ಣೆಗೆ ಹೋಗುತ್ತಿದ್ದುದು ಹಾಗೆಯೇ.